ಸ್ಪೀಡ್ ಆಮೇಲೆ, ಮೊದಲು ಕೆ.ಜಿ. ಕೇಳಿ

ಮಗನಿಗೋ ಮಗಳಿಗೋ ಏರ್ ರೈಫಲ್ ಕೊಡಿಸಲು ಹೊರಟಿರುವ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ



ಅಂಗಡಿಯಲ್ಲಿ ನೀವು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು: ‘ಇದು ಎಷ್ಟು ಸ್ಪೀಡ್ ಹೋಗುತ್ತೆ?’ ಉತ್ತರವೂ ಗೊತ್ತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಸೆಕೆಂಡಿಗೆ ಎಂಟುನೂರು ಅಡಿ, ಸಾವಿರ ಅಡಿ. ಎರಡನೆಯ ಪ್ರಶ್ನೆ ದುಡ್ಡಿನದು. ಮೂರನೆಯದು ಲೈಸೆನ್ಸ್ ಬೇಕೇ ಎಂಬುದು. ಅಲ್ಲಿಗೆ ಬಿಲ್ ಆಗಿಬಿಡುತ್ತದೆ. ‘ಇದರ ನಳಿಗೆ ಮುರಿದು ಕಾಕ್ ಮಾಡಲು ನನ್ನ ಮಗು ಎಷ್ಟು ಕೆ.ಜಿ. ಎಳೆಯಬೇಕು?’ ಎಂದು ಕೇಳಿದ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ. ಈ ಪತ್ರ ಆ ಒಂದು ಪ್ರಶ್ನೆಗಾಗಿ.

ನನ್ನ ಪರಿಚಯ ಚಿಕ್ಕದು. ಪೀಣ್ಯದ ಟೂಲ್‌ರೂಮೊಂದರಲ್ಲಿ ಡೈ, ಜಿಗ್, ಸ್ಪ್ರಿಂಗುಗಳ ನಡುವೆ ದುಡಿದು ನಿವೃತ್ತನಾದವನು, ಮನೆ ಯಶವಂತಪುರ. ಗುರಿ ಹೊಡೆಯುವುದು ಹಳೆಯ ಹುಚ್ಚು. ಈಗ ಭಾನುವಾರಗಳಲ್ಲಿ ಕಲಿಯುವ ಮಕ್ಕಳ ಹಿಂದೆ ನಿಂತು ಅವರ ಮೊಣಕೈ, ಹೆಗಲು, ಬೆನ್ನು ನೋಡುತ್ತಿರುತ್ತೇನೆ. ನಾನು ಕೋಚ್ ಅಲ್ಲ, ಬಂದೂಕು ಮಾರುವವನೂ ಅಲ್ಲ. ಯಾವ ರೈಫಲ್ ಖರ್ಚಾದರೂ ಖರ್ಚಾಗದಿದ್ದರೂ ನನಗೆ ಲಾಭವಿಲ್ಲ.

ನಿಮ್ಮ ಉತ್ಸಾಹಕ್ಕೆ ಕಾರಣವಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಹತ್ತು ಮೀಟರ್ ಏರ್ ರೈಫಲ್‌ನಲ್ಲೇ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಆಕೆಗಿನ್ನೂ 14 ವರ್ಷ. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಊರಿನ ದಿವ್ಯಾ ಟಿ.ಎಸ್. ಪಿಸ್ತೂಲಿನಲ್ಲಿ ಪದಕ ತಂದರು. ಪಕ್ಕದ ರಸ್ತೆಯ ಹುಡುಗಿ ಗೆದ್ದಳೆಂದರೆ ನಮ್ಮ ಮನೆಯ ಹುಡುಗಿಗೂ ಒಂದು ರೈಫಲ್ ಬೇಕೆನ್ನಿಸುವುದು ಸಹಜ. ಆದರೆ ಆ ಪದಕಗಳನ್ನು ತಂದ ಆಯುಧಕ್ಕೂ ನೀವು ಕೆಲವು ಸಾವಿರ ಕೊಟ್ಟು ತರುವ ನಳಿಗೆ ಮುರಿಯುವ ಸ್ಪ್ರಿಂಗ್ ರೈಫಲ್‌ಗೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಸ್ಪರ್ಧೆಯ ರೈಫಲ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುತ್ತದೆ, ಸುಮಾರು 200 ಬಾರ್ ಒತ್ತಡ. ಒಂದು ಪುಟ್ಟ ಲಿವರನ್ನು ಬೆರಳಲ್ಲಿ ಎತ್ತಿ ಪೆಲೆಟ್ ಇಟ್ಟರೆ ಮುಗಿಯಿತು. ಸ್ಪ್ರಿಂಗ್ ರೈಫಲ್‌ನಲ್ಲಿ ಸಿಲಿಂಡರ್ ಇಲ್ಲ. ಪ್ರತಿ ಗುಂಡಿಗೂ ಬೇಕಾದ ಅಷ್ಟೂ ಶಕ್ತಿಯನ್ನು ಮಗುವಿನ ತೋಳೇ ಆ ಕ್ಷಣದಲ್ಲಿ ತುಂಬಬೇಕು.

ಇದನ್ನು ನೀವು ಚಿಕ್ಕಂದಿನಲ್ಲೇ ನೋಡಿದ್ದೀರಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲೋ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲೋ ಬಲೂನ್ ಹೊಡೆಯುವ ಅಂಗಡಿ ಇರುತ್ತಿತ್ತಲ್ಲ, ಅಲ್ಲಿದ್ದದ್ದು ಇದೇ ಬಂದೂಕು. ಒಂದು ವಿಷಯ ಗಮನಿಸಿದ್ದಿರೋ ಇಲ್ಲವೋ: ನಳಿಗೆ ಮುರಿದು ಪೆಲೆಟ್ ಹಾಕಿ ಕೊಡುತ್ತಿದ್ದವನು ಅಂಗಡಿಯವನು. ಗಿರಾಕಿ ಟ್ರಿಗರ್ ಮಾತ್ರ ಎಳೆಯುತ್ತಿದ್ದ. ಅದು ಮರ್ಯಾದೆಗಾಗಿ ಮಾಡಿದ ಉಪಚಾರವಲ್ಲ. ನಳಿಗೆ ತೆರೆದಿರುವಾಗ ಬಂದೂಕು ಗಿರಾಕಿಯ ಕೈಗೆ ಹೋಗಬಾರದು ಎಂಬುದು ಅವನ ದಂಧೆಯ ಶಿಸ್ತು. ಅವನ ಸ್ಪ್ರಿಂಗ್‌ ಕೂಡ ಸೋತು ಸಡಿಲವಾಗಿರುತ್ತಿತ್ತು, ಬಲೂನಿಗೆ ಅಷ್ಟೇ ಸಾಕಿತ್ತು. ಆ ಬಂದೂಕಿನ ನೆನಪಿಟ್ಟುಕೊಂಡು ಹೊಸ ರೈಫಲ್ ಕೊಂಡವರು ಮನೆಗೆ ಬಂದು ಮೊದಲ ಬಾರಿ ನಳಿಗೆ ಬಗ್ಗಿಸಲು ಹೋದಾಗ ಬೆಚ್ಚಿಬೀಳುತ್ತಾರೆ.

ಒಳಗೆ ನಡೆಯುವುದೇನು ಹೇಳುತ್ತೇನೆ, ಲೆಕ್ಕ ಅರ್ಥವಾಗಲು ಅದು ಬೇಕು. ನಳಿಗೆ ಬುಡದಲ್ಲಿ ಕೀಲಿನ ಮೇಲೆ ಕೂತಿದೆ. ಅದನ್ನು ಕೆಳಗೆ ಬಗ್ಗಿಸಿದಾಗ ಒಂದು ಕೊಂಡಿ ಹಿಂದಕ್ಕೆ ಸರಿದು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಹಿಂದಿನ ದಪ್ಪ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಕೊನೆಯಲ್ಲಿ ‘ಕ್ಲಿಕ್’ ಎಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕಾಕ್ ಮಾಡುವುದೆಂದರೆ ಇದೇ. ಅಂದರೆ ನಳಿಗೆ ಇಲ್ಲಿ ಬರೀ ಗುಂಡು ಹೋಗುವ ಕೊಳವೆಯಲ್ಲ, ಸನ್ನೆಗೋಲು. ಕೀಲಿನಿಂದ ತುದಿಗೆ 45 ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಅದು ಸುಮಾರು 110 ಡಿಗ್ರಿ ತಿರುಗಿದರೆ ನಿಮ್ಮ ಕೈ 85 ಸೆಂಟಿಮೀಟರಿನಷ್ಟು ದೂರ ಸಾಗುತ್ತದೆ. ಆ ಹಾದಿಯುದ್ದಕ್ಕೂ ಸರಾಸರಿ 9 ಕೆ.ಜಿ. ಬಲ ಹಾಕಿದರೆ ನೀವು ಸುರಿದ ಶಕ್ತಿ ಸುಮಾರು 75 ಜೂಲ್. ಅದರಲ್ಲಿ ಪೆಲೆಟ್‌ಗೆ ಸಿಗುವುದು ಮೂರರಲ್ಲೊಂದು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಉಳಿದದ್ದು ಕಾದ ಗಾಳಿ, ತಿಕ್ಕಾಟ, ನಡುಕ, ಸದ್ದುಗಳಿಗೆ ಹೋಯಿತು. ಪೆಲೆಟ್‌ನ ಬಲ ಹೆಚ್ಚಬೇಕಾದರೆ ಅದರ ಮೂರು ಪಟ್ಟನ್ನೋ ನಾಲ್ಕು ಪಟ್ಟನ್ನೋ ತೋಳು ಕೊಡಬೇಕು. ಡಬ್ಬಿಯ ಮೇಲಿನ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಇಷ್ಟು ಅಡಿ ಎಂಬ ಅಂಕಿ, ಏರಿದಂತೆಲ್ಲ ನಳಿಗೆಯ ಬಿಗಿ ಏರುವುದು ಇದಕ್ಕೇ.

ಎಷ್ಟು ಏರುತ್ತದೆ? ಜರ್ಮನಿಯ ವೈಹ್‌ರಾಖ್ ಕಂಪನಿಯ ಎಚ್‌ಡಬ್ಲ್ಯು 30 ಥರದ ಹಗುರ ರೈಫಲ್‌ಗಳು ಸುಮಾರು 8–9 ಕೆ.ಜಿ.ಗೆ ಬಗ್ಗುತ್ತವೆ. ಡಯಾನಾ 34ರಂಥ ನಡುವಿನವು 15 ಕೆ.ಜಿ. ಆಸುಪಾಸು. ‘ಮ್ಯಾಗ್ನಮ್’ ಎಂದು ಹೆಮ್ಮೆಯಿಂದ ಮಾರುವವು 20 ಕೆ.ಜಿ. ದಾಟುತ್ತವೆ. ಹನ್ನೆರಡು ವರ್ಷದ ಮಗುವಿನ ಮೈತೂಕ 40 ಕೆ.ಜಿ. ಇದ್ದರೆ, ಅದರ ಅರ್ಧದಷ್ಟನ್ನು ಒಂದೇ ಕೈಯಲ್ಲಿ ಎಳೆ ಎಂದ ಹಾಗಾಯಿತು. ಒಂದು ಸಲವಲ್ಲ, ಪ್ರತಿ ಗುಂಡಿಗೂ.

ಅಪ್ಪಂದಿರು ಇಲ್ಲಿ ಒಂದು ಮಾತು ಹೇಳುತ್ತಾರೆ: ‘ಅಭ್ಯಾಸವಾದರೆ ಶಕ್ತಿ ಬರುತ್ತೆ ಬಿಡಿ.’ ಶಕ್ತಿ ಬರುವುದಕ್ಕೆ ಮೊದಲು ಬರುವುದು ಕಳ್ಳದಾರಿ. ನಳಿಗೆ ಬಗ್ಗದಿದ್ದಾಗ ಮಗು ಸುಮ್ಮನೆ ಕೈಬಿಡುವುದಿಲ್ಲ, ಬಗ್ಗಿಸುವ ಉಪಾಯ ಹುಡುಕುತ್ತದೆ. ಬಂದೂಕಿನ ಹಿಂಬದಿಯ ಬಟ್ಟನ್ನು ನೆಲಕ್ಕೆ ಊರಿ ನಳಿಗೆಯ ಬಾಯಿಯ ಮೇಲೆ ಅಂಗೈ ಇಟ್ಟು ಮೈಭಾರ ಹಾಕುತ್ತದೆ. ಆಗ ಮುಖ ನಳಿಗೆಯ ಮೇಲೆಯೇ ಬಾಗಿರುತ್ತದೆ. ಬಂದೂಕನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಎರಡು ಕೈಯಲ್ಲಿ ಜಗ್ಗುತ್ತದೆ. ಆಗ ಮೂತಿ ಯಾರ ಕಡೆ ಇದೆ ಎಂದು ನೋಡುವವರಿಲ್ಲ. ಬಿಗಿ ಹಿಡಿತಕ್ಕೆಂದು ಬಲಗೈಯ ತೋರುಬೆರಳು ಗೊತ್ತಿಲ್ಲದೆ ಟ್ರಿಗರ್ ಗಾರ್ಡಿನ ಒಳಗೆ ಹೋಗುತ್ತದೆ. ಅರ್ಧಕ್ಕೆ ಸುಸ್ತಾಗಿ ನಿಂತು, ಕೈ ಜಾರಿ, ನಳಿಗೆ ಸ್ಪ್ರಿಂಗಿನ ಬಲಕ್ಕೆ ಮೇಲೆದ್ದರೆ ದವಡೆಗೆ ಬಡಿಯುತ್ತದೆ. ನೀವು ಹೇಳಿಕೊಟ್ಟ ಸುರಕ್ಷತಾ ನಿಯಮ ಮಗುವಿಗೆ ಬಾಯಿಪಾಠವೇ ಇರಬಹುದು. ಆದರೆ ಅಳತೆಗೆ ಮೀರಿದ ಬಂದೂಕು ಅದನ್ನು ಪಾಲಿಸಲು ಬಿಡುವುದಿಲ್ಲ. ಸ್ಪೀಡಿಗಿಂತ ಮೊದಲು ಕೆ.ಜಿ. ಕೇಳಿ ಎಂದು ನಾನು ಹಟ ಹಿಡಿದಿರುವುದು ಈ ಕಾರಣಕ್ಕೆ.

ಸರಿಯಾದ ಕ್ರಮ ಹೀಗಿದೆ, ಬಲಗೈ ಮಗುವಿಗೆ ಹೇಳುತ್ತಿದ್ದೇನೆ. ಬಂದೂಕು ಗುರಿಯ ದಿಕ್ಕಿಗೇ ಇರಲಿ. ಬಲಗೈ ಬಟ್ಟಿನ ಕುತ್ತಿಗೆಯನ್ನು ಹಿಡಿಯಲಿ, ತೋರುಬೆರಳು ನೇರವಾಗಿ ಹೊರಗೆ ಚಾಚಿರಲಿ. ಬಟ್ಟಿನ ಹಿಂಬದಿ ಬಲತೊಡೆಯ ಮೇಲ್ಭಾಗಕ್ಕೆ, ಸೊಂಟದ ಹತ್ತಿರ, ಆನಿಸಿರಲಿ. ಎಡ ಅಂಗೈಯಿಂದ ನಳಿಗೆಯ ತುದಿಯ ಹತ್ತಿರ ಮೇಲಿನಿಂದ ಒಂದು ಚುರುಕಾದ ಪೆಟ್ಟು ಕೊಟ್ಟರೆ ಬೀಗ ಬಿಡುತ್ತದೆ. ಆಮೇಲೆ ಮುಂದಿನ ಸೈಟಿನ ಹಿಂದುಗಡೆ ನಳಿಗೆಯನ್ನು ಹಿಡಿದು, ಬಾಯಿಗೆ ಬೆರಳು ಅಡ್ಡ ಬಾರದಂತೆ, ಒಂದೇ ಎಳೆತದಲ್ಲಿ ಕೆಳಗೆ ತರಬೇಕು. ಎಳೆಯಬೇಕಾದದ್ದು ಮೊಣಕೈಯಿಂದ ಅಲ್ಲ, ಹೆಗಲು-ಬೆನ್ನಿನಿಂದ. ಕ್ಲಿಕ್ ಕೇಳುವವರೆಗೆ ನಡುವೆ ನಿಲ್ಲಬಾರದು. ಎಡಗೈ ಮಕ್ಕಳು ಇದನ್ನು ಹಾಗೇ ತಿರುಗಿಸಿಕೊಂಡರೆ ಆಯಿತು. ಪಕ್ಕದಲ್ಲಿ ಲಿವರ್ ಇರುವ ಬಂದೂಕುಗಳಲ್ಲಿ ಅವರಿಗಾಗುವ ತಾಪತ್ರಯ ಇದರಲ್ಲಿಲ್ಲ.

ಹಿಡಿಯುವ ಜಾಗ ಎಷ್ಟು ಮುಖ್ಯ ಎಂಬುದು ಹಳ್ಳಿಯ ಬೋರ್‌ವೆಲ್ ಕೈಪಂಪು ಒತ್ತಿದವರಿಗೆ ಗೊತ್ತು; ಹಿಡಿಯ ತುದಿ ಬಿಟ್ಟು ಬುಡಕ್ಕೆ ಸರಿದಷ್ಟೂ ಅದು ಭಾರ. ನಳಿಗೆಯ ತುದಿಯಲ್ಲಿ 15 ಕೆ.ಜಿ.ಗೆ ಬಗ್ಗುವ ರೈಫಲನ್ನು ಹತ್ತು ಸೆಂಟಿಮೀಟರ್ ಒಳಗೆ ಹಿಡಿದು ಎಳೆದರೆ 19 ಕೆ.ಜಿ. ದಾಟುತ್ತದೆ. ‘ಮಕ್ಕಳಿಗೆ ಚಿಕ್ಕ ಬಂದೂಕು’ ಎಂದು ಗಿಡ್ಡ ನಳಿಗೆಯದನ್ನು ಆರಿಸುವವರು ಈ ಲೆಕ್ಕ ನೋಡಬೇಕು. ಸ್ಪ್ರಿಂಗ್ ಅದೇ ಆಗಿದ್ದು ನಳಿಗೆ ಗಿಡ್ಡವಾದರೆ, ನೋಡಲು ಮಕ್ಕಳ ಬಂದೂಕು, ಎಳೆಯಲು ಪೈಲ್ವಾನರ ಬಂದೂಕು.

ಕ್ಲಿಕ್ ಆದ ಮೇಲಿನ ಕೆಲವು ಸೆಕೆಂಡುಗಳೇ ಇಡೀ ಕೆಲಸದಲ್ಲಿ ಅಪಾಯದ ಹೊತ್ತು. ಮಗು ನಳಿಗೆಯಿಂದ ಕೈ ತೆಗೆದು ಎರಡೂ ಕೈಯಲ್ಲಿ ಪೆಲೆಟ್ ಕೂರಿಸಲು ಹೋಗುತ್ತದೆ. ಕೊಕ್ಕೆ ಸವೆದಿದ್ದರೆ, ಅಥವಾ ಟ್ರಿಗರ್‌ಗೆ ಏನಾದರೂ ತಗುಲಿದರೆ, ನಳಿಗೆ ಫಟ್ಟೆಂದು ಮುಚ್ಚಿಕೊಳ್ಳುತ್ತದೆ. ಬೆರಳು ಆ ಸಂದಿಯಲ್ಲಿದ್ದರೆ ಮೂಳೆ ಉಳಿಯುವುದು ಕಷ್ಟ. ಬೆರಳು ಇರಲಿಲ್ಲವೆಂದರೂ ನಳಿಗೆ ಮೇಲಕ್ಕೆ ಬಾಗಿರುತ್ತದೆ, ಮರದ ಬಟ್ಟು ಸೀಳಿರುತ್ತದೆ. ನಳಿಗೆ ತೆರೆದಿರುವಾಗ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಏರ್ಪಾಡು ಒಳ್ಳೆಯ ಹೊಸ ರೈಫಲ್‌ಗಳಲ್ಲಿದೆ. ಹಳೆಯ ಜರ್ಮನ್ ಮಾದರಿಗಳ ನಕಲುಗಳಲ್ಲಿ, ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವ ಅನೇಕದರಲ್ಲಿ, ಅದಿಲ್ಲ. ಏರ್ಪಾಡು ಇರಲಿ ಬಿಡಲಿ, ಪೆಲೆಟ್ ಕೂರಿಸಿ ನಳಿಗೆ ಮುಚ್ಚುವ ತನಕ ಎಡಗೈ ನಳಿಗೆಯನ್ನು ಬಿಡಬಾರದು. ಬಲಗೈಯಿಂದ ಪೆಲೆಟ್ ಇಡಲು ಬಟ್ಟು ತೊಡೆಯ ಮೇಲೆ ತಾನಾಗಿ ನಿಲ್ಲಬೇಕು, ಹಾಗೆ ನಿಲ್ಲಿಸಲು ಮಗುವಿಗೆ ತ್ರಾಣ ಉಳಿದಿರಬೇಕು. ಇಪ್ಪತ್ತು ಕೆ.ಜಿ. ಎಳೆದು ಏದುಸಿರು ಬಿಡುತ್ತಿರುವ ಮಗುವಿನಲ್ಲಿ ಅದು ಉಳಿದಿರುವುದಿಲ್ಲ.

ಇನ್ನು ಗುರಿಯ ವಿಷಯ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಎದುರಿನ ಗಾಳಿಯನ್ನು ಅದುಮಿ ನಿಲ್ಲುವಾಗ ಬಂದೂಕು ಮುಂದಕ್ಕೆ ಎಗರುತ್ತದೆ. ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಇದೆಲ್ಲ ಮುಗಿಯುತ್ತದೆ, ಆದರೆ ಒದೆತ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಆದ್ದರಿಂದ ನೀವು ಬಂದೂಕನ್ನು ಹೇಗೆ ಹಿಡಿದಿದ್ದೀರೋ ಅದು ಪೆಲೆಟ್ ಬೀಳುವ ಜಾಗವನ್ನು ಬದಲಿಸುತ್ತದೆ. ಸಿನಿಮಾದಲ್ಲಿ ನೋಡಿದ ಬಿಗಿ ಹಿಡಿತ ಇಲ್ಲಿ ಕೆಲಸಕ್ಕೆ ಬಾರದು. ಮುಂದಿನ ಅಂಗೈ ಚಾಚಿ, ಅದರ ಮೇಲೆ ಬಂದೂಕು ಸುಮ್ಮನೆ ಕೂತಿರಲಿ, ಹೆಗಲಿಗೆ ಹಗುರಾಗಿ ತಾಗಲಿ, ಎಗರಬೇಕಾದಷ್ಟು ಎಗರಲಿ. ಪ್ರತಿ ಸಲವೂ ಅಂಗೈ ಅದೇ ಜಾಗದಲ್ಲಿರಬೇಕು, ಅಷ್ಟೇ. ಪಶ್ಚಿಮದ ದೇಶಗಳಲ್ಲಿ ಇದಕ್ಕೆ ಫಿರಂಗಿ ಹಿಡಿತ ಎನ್ನುತ್ತಾರೆ.

ನಳಿಗೆಯ ಬಿಗಿಗೂ ಈ ಹಿಡಿತಕ್ಕೂ ಸಂಬಂಧವಿದೆ. ಎಳೆದ ತೋಳು ನಡುಗುತ್ತದೆ. ಅದೇ ತೋಳು ಮುಂದಿನ ಕ್ಷಣ ಬಂದೂಕಿನ ಭಾರ ಹೊರಬೇಕು. ಎದೆಬಡಿತ ಏರಿದ ಮಗು ನಡುಕವನ್ನು ನಿಲ್ಲಿಸಲು ಬಂದೂಕನ್ನು ಬಿಗಿಹಿಡಿಯುತ್ತದೆ, ಬಿಗಿಹಿಡಿದಾಗ ಪೆಲೆಟ್‌ಗಳು ಚೆಲ್ಲಾಪಿಲ್ಲಿ ಬೀಳುತ್ತವೆ. ಆಮೇಲೆ ‘ಸೈಟ್ ಸರಿ ಇಲ್ಲ’ ಎಂದು ಸ್ಕ್ರೂ ತಿರುಗಿಸುವ ಕೆಲಸ. ಸ್ಪರ್ಧೆಯ ಸುತ್ತಿನಲ್ಲಿ 60 ಗುಂಡು. 16 ಕೆ.ಜಿ. ಬಂದೂಕಿನಲ್ಲಿ ಅಷ್ಟು ಹೊಡೆಯಲು ಮಗು ಒಟ್ಟು 960 ಕೆ.ಜಿ. ಎಳೆದಿರುತ್ತದೆ, 8 ಕೆ.ಜಿ.ಯದರಲ್ಲಿ ಅದರ ಅರ್ಧ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ಮುಟ್ಟಲು ಹೊರಟವರಿಗೆ ಯಾವುದು ಬೇಕು, ನೀವೇ ಹೇಳಿ.

ಆ ಸ್ಪರ್ಧೆಯ ಜಗತ್ತೂ ಈ ಒದೆತದ ತೊಂದರೆಯನ್ನು ಒಂದು ಕಾಲದಲ್ಲಿ ಪಟ್ಟಿತ್ತು. ಗಾಳಿ ಸಿಲಿಂಡರ್ ಬರುವ ಮೊದಲು ದೊಡ್ಡ ಸ್ಪರ್ಧೆಗಳಲ್ಲೂ ಸ್ಪ್ರಿಂಗ್ ರೈಫಲ್‌ಗಳು ಇದ್ದವು. ಡಯಾನಾ ಕಂಪನಿ ಒದೆತ ಕೊಲ್ಲಲು ಎದುರು-ಬದುರು ಓಡುವ ಎರಡು ಪಿಸ್ಟನ್ ಇಟ್ಟು ನಳಿಗೆ ಮುರಿಯುವ ರೈಫಲ್ ಮಾಡಿತು. ಫೈನ್‌ವೆರ್ಕ್‌ಬಾವ್‌ನ 300 ಎಸ್‌ನಲ್ಲಿ ಇಡೀ ಯಂತ್ರಭಾಗವೇ ಬಟ್ಟಿನ ಮೇಲೆ ಹಳಿಯಲ್ಲಿ ಹಿಂದೆ ಸರಿಯುತ್ತಿತ್ತು. ಕಾಕ್ ಮಾಡಲು ಪಕ್ಕದಲ್ಲಿ ಉದ್ದನೆಯ ಲಿವರ್. ಅಷ್ಟು ತಲೆ ಓಡಿಸಿದ ಎಂಜಿನಿಯರುಗಳು ವೇಗ ಹೆಚ್ಚಿಸುವ ಗೋಜಿಗೆ ಹೋಗಲಿಲ್ಲ ಎಂಬುದನ್ನು ಗಮನಿಸಿ. 1984ರಲ್ಲಿ ಒಲಿಂಪಿಕ್ಸ್‌ಗೆ ಸೇರಿದ ಈ ಸ್ಪರ್ಧೆಯಲ್ಲಿ ಇವತ್ತಿಗೂ ಪೆಲೆಟ್ ಹೋಗುವುದು ಸೆಕೆಂಡಿಗೆ 175 ಮೀಟರ್ ಆಸುಪಾಸು, ನಿಮ್ಮ ಅಂಗಡಿಯ ಭಾಷೆಯಲ್ಲಿ 570 ಅಡಿ. ಅರ್ಧ ಗ್ರಾಂ ಚಿಲ್ಲರೆ ತೂಗುವ ಪೆಲೆಟ್‌ಗೆ ಅದು ಸುಮಾರು 8 ಜೂಲ್. ಒಲಿಂಪಿಕ್ಸ್ ಚಿನ್ನಕ್ಕೆ 8 ಜೂಲ್ ಸಾಕಾದರೆ, ಸಹಕಾರನಗರದ ಏಳನೇ ಕ್ಲಾಸಿನ ಹುಡುಗನಿಗೆ 20 ಯಾಕೆ?

ಆ 20ರ ಲೆಕ್ಕ ಎಲ್ಲಿಂದ ಬಂತೆಂದರೆ, 2016ರ ಶಸ್ತ್ರಾಸ್ತ್ರ ನಿಯಮಗಳಿಂದ. ನಳಿಗೆಯ ತೂತು 4.5 ಮಿಲಿಮೀಟರ್, ಅಂದರೆ .177, ಮೀರದೆ, ಬಲ 20 ಜೂಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. ಕಂಪನಿಗಳು ಆ ಗೆರೆಯ ಹತ್ತಿರ ಹತ್ತಿರಕ್ಕೆ ಹೋಗಿ ನಿಲ್ಲುತ್ತವೆ, ಜಾಹೀರಾತು ಕೆಲವೊಮ್ಮೆ ದಾಟಿಯೇ ಹೋಗುತ್ತದೆ. ಅರ್ಧ ಗ್ರಾಂ ಸೀಸದ ಪೆಲೆಟ್ ಸೆಕೆಂಡಿಗೆ ಸಾವಿರ ಅಡಿ ಹೋದರೆ ಅದು 23 ಜೂಲ್. ಹಾಗಾಗಿ ಸಾವಿರ ಅಡಿ ಎಂದವರು ತೀರಾ ಹಗುರ ಪೆಲೆಟ್ ಹಾಕಿ ಅಳೆದಿರಬೇಕು, ಇಲ್ಲವೆ ಲೈಸೆನ್ಸ್ ಬೇಕಾದ ವಸ್ತುವನ್ನು ಮಾರುತ್ತಿರಬೇಕು. ಯಾವುದು ಎಂದು ಕೌಂಟರಿನಲ್ಲೇ ಕೇಳಿ. ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳಿದರೆ ಕೊಡಿ, ಬಿಲ್ ಜೋಪಾನವಾಗಿಡಿ.

ನಳಿಗೆಯ ಬಿಗಿ ಅಳೆಯುವುದು ಕಷ್ಟದ ಕೆಲಸವಲ್ಲ. ಮೈತೂಕ ನೋಡುವ ಸ್ನಾನದ ಮನೆಯ ತಕ್ಕಡಿ ಸಾಕು. ದೊಡ್ಡವರೇ ಮಾಡಬೇಕು, ಬಂದೂಕು ಖಾಲಿ ಇರಬೇಕು. ಬೀಗ ಬಿಡಿಸಿ, ನಳಿಗೆಯ ತುದಿಯನ್ನು ತಕ್ಕಡಿಯ ಮೇಲೆ ಮಡಚಿದ ಬಟ್ಟೆಗೆ ಆನಿಸಿ, ಎರಡೂ ಕೈಯಲ್ಲಿ ಬಟ್ಟನ್ನು ಹಿಡಿದು ಕ್ಲಿಕ್ ಆಗುವವರೆಗೆ ಕೆಳಕ್ಕೆ ಒತ್ತಿ. ಮುಳ್ಳು ಏರಿದ ಗರಿಷ್ಠ ಅಂಕಿಯನ್ನು ಇನ್ನೊಬ್ಬರು ಓದಲಿ. ಪ್ರಯೋಗಶಾಲೆಯ ನಿಖರತೆ ಇದಕ್ಕಿಲ್ಲ, ಆದರೆ 9 ಮತ್ತು 19ರ ವ್ಯತ್ಯಾಸ ತಿಳಿಯಲು ಸಾಕು. ಅಂಗಡಿಯವರು ಒಪ್ಪದಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ಅವರ ಮುಂದೆಯೇ ಸಾಲಾಗಿ ಹತ್ತು ಸಲ ಕಾಕ್ ಮಾಡಿಸಿ ನೋಡಿ, ನಳಿಗೆ ಹಿಡಿದೇ ಇಳಿಸಬಲ್ಲ ಮಾದರಿಯಾದರೆ ಪ್ರತಿ ಸಲವೂ ಹಾಗೆ ಇಳಿಸಿಕೊಡಲು ಅವರಿಗೆ ಬರುತ್ತದೆ. ಖಾಲಿ ನಳಿಗೆಯಲ್ಲಿ ಟ್ರಿಗರ್ ಹಾರಿಸಲು ಮಾತ್ರ ಬಿಡಬೇಡಿ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್‌ಗೆ ಎದುರುಗಾಳಿಯ ದಿಂಬಿಲ್ಲ, ಹೋಗಿ ಲೋಹಕ್ಕೆ ಬಡಿಯುತ್ತದೆ. ಏಳನೆಯ ಸಲಕ್ಕೆ ಮಗುವಿನ ಮೊಣಕಾಲು ಸಹಾಯಕ್ಕೆ ಬಂತೋ, ಅಂಗೈ ನಳಿಗೆಯ ಬಾಯಿಗೆ ಹೋಯಿತೋ, ಆ ಬಂದೂಕನ್ನು ವಾಪಸ್ ಕೊಟ್ಟು ಬೇರೆ ನೋಡಿ.

ಅಂಕಿ ಬೇಕೆಂದರೆ ಇದು ನನ್ನ ಅಂದಾಜು, ನಿಯಮವಲ್ಲ. ಹನ್ನೊಂದು-ಹನ್ನೆರಡರ ಮಕ್ಕಳಿಗೆ 8–9 ಕೆ.ಜಿ. ಮೇಲೆ ಬೇಡ. ಹದಿನಾಲ್ಕು-ಹದಿನೈದಕ್ಕೆ 11–12. ದೊಡ್ಡವರಿಗೂ ಒಂದು ಗಂಟೆ ಹೊಡೆಯಬೇಕೆಂದರೆ 15 ಸಾಕು. ಹತ್ತು ವರ್ಷದ ಒಳಗಿನವರಿಗೆ ದೊಡ್ಡವರೇ ಕಾಕ್ ಮಾಡಿ ಕೊಡಲಿ, ಜಾತ್ರೆಯ ಅಂಗಡಿಯವನ ಪದ್ಧತಿಯೇ ಸರಿ. ಹಗುರಾಗಿ ಬಗ್ಗುವ ಮಾದರಿ ನಮ್ಮ ದೇಶದ ಕಂಪನಿಗಳಲ್ಲಿ ಕಡಿಮೆ, ಕೇಳುವವರು ಇಲ್ಲದ್ದರಿಂದ. ನೀವು ಕೇಳಲು ಶುರುಮಾಡಿದರೆ ಬರುತ್ತವೆ.

‘ಗ್ಯಾಸ್ ಪಿಸ್ಟನ್ ತಗೊಳ್ಳಿ, ಹಗುರ’ ಎಂದು ಹೇಳುವವರಿದ್ದಾರೆ. ಅದರ ಗುಣ ಬೇರೆ ಇದೆ: ಕಾಕ್ ಮಾಡಿ ಇಟ್ಟರೂ ಸೋಲುವುದಿಲ್ಲ, ಒದೆತದಲ್ಲಿ ನಡುಕ ಕಡಿಮೆ. ಆದರೆ ಸ್ಪ್ರಿಂಗ್ ಶುರುವಿನಲ್ಲಿ ಮೆತ್ತಗಿದ್ದು ಹೋಗ್ತಾ ಹೋಗ್ತಾ ಬಿಗಿಯಾಗುತ್ತದೆ, ಗ್ಯಾಸು ಮೊದಲ ಇಂಚಿನಿಂದಲೇ ಬಿಗಿ. ಮಕ್ಕಳ ಕೈಗೆ ಅದು ಹಗುರವೇನಲ್ಲ. ಹೊಸ ಸ್ಪ್ರಿಂಗ್ ರೈಫಲ್ ಕೆಲವು ನೂರು ಗುಂಡಿನ ನಂತರ ತುಸು ನಯವಾಗುವುದು ನಿಜ. ಕೀಲು, ಕೊಂಡಿಗಳಿಗೆ ಮಾಲಿಬ್ಡಿನಮ್ ಗ್ರೀಸ್ ಹಚ್ಚಿದರೂ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಆದರೆ 18 ಕೆ.ಜಿ. ಎಂದೂ 9 ಆಗುವುದಿಲ್ಲ. ಸ್ಪ್ರಿಂಗಿನ ಸುತ್ತು ಕತ್ತರಿಸಿ ಮೆತ್ತಗೆ ಮಾಡಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ನಮ್ಮ ಪೀಣ್ಯದಲ್ಲೂ ಸಿಗಬಹುದು, ದೂರವಿರಿ. ಕತ್ತರಿಸಿದ ತುದಿಯನ್ನು ಸರಿಯಾಗಿ ಕಾಯಿಸಿ ಚಪ್ಪಟೆ ಮಾಡದಿದ್ದರೆ ಸ್ಪ್ರಿಂಗ್ ಓರೆಯಾಗಿ ಕೂತು ಒಳಗೋಡೆಯನ್ನು ಕೆರೆಯುತ್ತದೆ. ಗಾಳಿ ಕೋಣೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವ ಚಾಳಿಯೂ ಇದೆ. ಅದುಮಿದ ಗಾಳಿ ಆ ಕ್ಷಣ ಎಷ್ಟು ಕಾಯುತ್ತದೆ ಎಂದರೆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹತ್ತಿದ ಹಾಗೆ ಹತ್ತಿ, ಢಂ ಎಂದು ಹೊಗೆ ಬರುತ್ತದೆ. ಹುಡುಗರಿಗೆ ಅದು ಮಜಾ. ಸ್ಪ್ರಿಂಗು, ವಾಷರುಗಳಿಗೆ ಆಯುಷ್ಯ ಕಮ್ಮಿ.

ನಿಮ್ಮ ಮಗು ನಿಜವಾಗಿ ಸ್ಪರ್ಧೆಯ ಹಾದಿ ಹಿಡಿಯುವುದಾದರೆ ಮೊದಲ ವರ್ಷ ಏನನ್ನೂ ಕೊಳ್ಳಬೇಡಿ ಎನ್ನುತ್ತೇನೆ. ತರಬೇತಿ ಕೊಡುವಲ್ಲಿ ರೈಫಲ್ ಇರುತ್ತದೆ. ಶಾಲಾ ಕ್ರೀಡಾಕೂಟಗಳಲ್ಲಿ ಓಪನ್ ಸೈಟ್ ವಿಭಾಗವಿದೆ. ಅಲ್ಲಿ ಸಾದಾ ರೈಫಲ್‌ನಿಂದಲೇ ಶುರುಮಾಡಬಹುದು. ಸಿಲಿಂಡರ್ ಇರುವ ವಿದೇಶಿ ಸ್ಪರ್ಧಾ ರೈಫಲ್ ಬೆಲೆ ಲಕ್ಷ ದಾಟುತ್ತದೆ, ಅದನ್ನು ಮಗುವಿನ ಆಸಕ್ತಿ ಗಟ್ಟಿಯಾದ ಮೇಲೆ ಯೋಚಿಸಿ. ನಡುವೆ ಮನೆಯಲ್ಲಿ ಸ್ಪ್ರಿಂಗ್ ರೈಫಲ್ ಇದ್ದರೆ ಕೆಟ್ಟದ್ದೇನಲ್ಲ. ಹಿಡಿತದ ತಪ್ಪನ್ನು ಅದು ಮುಚ್ಚಿಡುವುದಿಲ್ಲ. ಅದರಲ್ಲಿ ಪೆಲೆಟ್‌ಗಳನ್ನು ಒಂದೇ ಕಡೆ ಗುಂಪಾಗಿ ಬೀಳಿಸಿದ ಕೈಗೆ ಮುಂದಿನ ರೈಫಲ್ ಸುಲಭ.

‘ಮನೆಯಲ್ಲಿ’ ಎಂದೆ. ಟೆರೇಸಿನಲ್ಲಿ ಎಂದಲ್ಲ. ಹೆಬ್ಬಾಳದ ಅಪಾರ್ಟ್‌ಮೆಂಟ್‌ಗಳ ಟೆರೇಸಿನಿಂದ ಹೊರಟ ಪೆಲೆಟ್ ಕೆಲವು ನೂರು ಮೀಟರ್ ಹೋಗಬಲ್ಲದು; ಅಷ್ಟರೊಳಗೆ ಎಷ್ಟು ಬಾಲ್ಕನಿ, ಎಷ್ಟು ಕಿಟಕಿ, ಎಷ್ಟು ಮಕ್ಕಳು ಎಂದು ಎಣಿಸಿ ನೋಡಿ. ಬಾಗಿಲು ಮುಚ್ಚಿದ ಉದ್ದನೆಯ ಕೋಣೆ, ಕೊನೆಗೆ ಹಳೆಬಟ್ಟೆ ಒತ್ತಿ ತುಂಬಿದ ದಪ್ಪ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಕಬ್ಬಿಣದ ತಗಡು, ನಡುವೆ ಬೇರೆ ಬಾಗಿಲು ಇಲ್ಲದಿರುವುದು, ಎಲ್ಲರಿಗೂ ಕಣ್ಣಿಗೆ ಕನ್ನಡಕ. ಇಷ್ಟು ಆಗದಿದ್ದರೆ ರೇಂಜ್‌ಗೆ ಹೋಗಿ. ಕಾಕ್ ಆದ ಸ್ಪ್ರಿಂಗ್ ರೈಫಲ್‌ಗಳಲ್ಲಿ ಅನೇಕವನ್ನು ಹೊಡೆಯದೆ ಇಳಿಸಲು ಸುರಕ್ಷಿತ ದಾರಿಯಿಲ್ಲ, ಹಾಗಾಗಿ ‘ಕಾಕ್ ಮಾಡಿಟ್ಟು ಊಟಕ್ಕೆ ಬಾ’ ಎಂಬ ಮಾತೇ ಮನೆಯಲ್ಲಿ ಇರಬಾರದು.

ಪಾರಿವಾಳ ಓಡಿಸಲೆಂದು ಕೊಳ್ಳುವವರು ಈ ಪತ್ರ ಓದುತ್ತಿದ್ದರೆ: ಬಲೆ ಹಾಕಿಸಿ, ಅಗ್ಗ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದು ಅದರಿಂದ ಹಕ್ಕಿ ಹೊಡೆಯಲು ಕೊಟ್ಟ ಲೈಸೆನ್ಸ್ ಅಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಸಲೀಂ ಅಲಿ ಕೂಡ ಹುಡುಗನಾಗಿದ್ದಾಗ ಏರ್‌ಗನ್ನಿನಲ್ಲಿ ಗುಬ್ಬಚ್ಚಿ ಹೊಡೆದೇ ಪಕ್ಷಿತಜ್ಞರಾದರಲ್ಲ ಎಂದು ಒಬ್ಬ ತಂದೆ ನನಗೆ ಹೇಳಿದರು. ಹೌದು ಸ್ವಾಮಿ, ಹಳದಿ ಕತ್ತಿನ ಆ ಗುಬ್ಬಚ್ಚಿಯ ಹೆಸರು ತಿಳಿಯಲು ಅವರು ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ನಿಮ್ಮ ಮಗನನ್ನು ಬಂದೂಕಿಲ್ಲದೆಯೂ ಪುಟ್ಟೇನಹಳ್ಳಿಗೆ ಕರೆದೊಯ್ಯಬಹುದು.

ಬಂದೂಕಿನ ಉಸ್ತುವಾರಿಯ ಮಾತಿಗೆ ಬಂದರೆ, ಕೊಡಗಿನ ಮನೆಗಳನ್ನು ನೋಡಿದವರಿಗೆ ಒಂದು ಸಂಗತಿ ಕಂಡಿರುತ್ತದೆ. ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಚಿಕ್ಕವರೂ ಇರುತ್ತಾರೆ, ಪಕ್ಕದಲ್ಲಿ ಮಾವನೋ ಅಜ್ಜನೋ ಕೈಯಳತೆಯಲ್ಲೇ ನಿಂತಿರುತ್ತಾರೆ. ಬಂದೂಕು ಕೊಡುವುದೂ ಹಿಂದಕ್ಕೆ ತೆಗೆದುಕೊಳ್ಳುವುದೂ ಅವರೇ. ನಮ್ಮ ಫ್ಲ್ಯಾಟುಗಳಲ್ಲಿ ಅಜ್ಜ ಊರಲ್ಲಿ, ಅಪ್ಪ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಬಂದೂಕು ಮಂಚದ ಕೆಳಗೆ. ಕಬೋರ್ಡಿಗೆ ಬೀಗ ಹಾಕಿ, ಪೆಲೆಟ್ ಡಬ್ಬಿ ಬೇರೆ ಕಡೆ ಇಡಿ, ಎರಡರ ಕೀಲಿಯೂ ನಿಮ್ಮ ಹತ್ತಿರ ಇರಲಿ.

ಪೆಲೆಟ್ ಬಗ್ಗೆ ಒಂದು ಮಾತು ಬಾಕಿ ಇತ್ತು. ಅದು ಸೀಸ. ಎರಡೂ ಕೈ ಬಂದೂಕಿನಲ್ಲಿ ಸಿಕ್ಕಿಕೊಂಡಿವೆ ಎಂದು ಮಕ್ಕಳು ನಾಲ್ಕು ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ತೆಗೆದು ಹಾಕುತ್ತಾರೆ. ಬಂದೂಕು ಬಿಗಿಯಿದ್ದಷ್ಟೂ ಈ ಅಭ್ಯಾಸ ಜಾಸ್ತಿ. ಮಕ್ಕಳ ಮೈಗೆ ಸೀಸ ಸ್ವಲ್ಪವೂ ಒಳ್ಳೆಯದಲ್ಲ. ತೊಡೆಯ ಎತ್ತರಕ್ಕೆ ಒಂದು ಸ್ಟೂಲ್ ಹಾಕಿ ಅದರ ಮೇಲೆ ತಟ್ಟೆಯಲ್ಲಿ ಪೆಲೆಟ್ ಇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಆಮೇಲೆ ತಿಂಡಿ ಕೊಡಿ.

ಇಂತಿ ನಿಮ್ಮವ,
ಯಶವಂತಪುರದ ಒಬ್ಬ ಹಳೆಯ ಟೂಲ್‌ರೂಮ್ ಕೆಲಸಗಾರ